ಹಿಂದಿನ ಗಾಲಿಗೆ ಕಲ್ಲು

ದಾವಣಗೆರೆ, ಹರಿಹರ

ಒಮಾನ್ ದೇಶದಿಂದ ಬಂದ ಮರುದಿನ ಕೆಲಸಕ್ಕೆ ಹೋದೆ. ವಿದ್ಯಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಮೇಡಂ, ಕಾರ್ ಶೋ ಹೆಂಗಿತ್ರಿ?" ನಾವು ಕಾರ್ ಶೋ ನೋಡಲೇ ಇಲ್ಲ ಎಂದೆ. ಯಾರೂ ನಂಬಲಿಲ್ಲ. ಅದನ್ನು ನೋಡುವುದಕ್ಕೆಂದೇ ಸಮುದ್ರ ದಾಟಿ ಹೋದವರು ನೋಡದೆ ಬಂದೆವೆಂದರೆ ಯಾರು ತಾನೇ ನಂಬುತ್ತಾರೆ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಪುಕ್ಕಲಿ. ನಿಟ್ಟುವಳ್ಳಿಯ ನಮ್ಮ ಮನೆಯಿಂದ ಲ್ಯಾಬಿಗೆ ಸ್ಕೂಟರಿನಲ್ಲಿ ಹೋಗುವಾಗ ಹಿಂದೆ ಲಾರಿ ಬಂತೆಂದರೆ ಪಕ್ಕಕ್ಕೆ ಹಾಕಿ, ಕಾಲು ನೆಲಕ್ಕೂರಿ, ಅದು ಹೋಗುವ ತನಕ ನಿಲ್ಲುವವಳು. ಹೀಗಿರುವ ನಾನು ಹುಟ್ಟಿದ್ದು ಮಾತ್ರ ಡ್ರೈವರ್ ಮಗಳಾಗಿ. ನಮ್ಮಪ್ಪ ರುದ್ರಪ್ಪ ಹರಿಹರದ ರೈಲ್ವೆ ಸ್ಟೇಷನ್ ಮುಂದೆ ನಲವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಬಾಡಿಗೆಗೆ ಬಂದವರಿಗೆಲ್ಲ ಧರ್ಮಸ್ಥಳ, ಮಂತ್ರಾಲಯ, ತಿರುಪತಿ ತೋರಿಸಿದರು. ತಾವಾಗಿ ಎಲ್ಲಿಗೂ ಹೋದವರಲ್ಲ. ಈಗ ಎಪ್ಪತ್ತಾರು ವರ್ಷ. ಬಲಗಣ್ಣಿನ ಆಪರೇಷನ್ ಸರಿಹೋಗದೆ ದೃಷ್ಟಿ ಮಸುಕಾದ ಮೇಲೆ ಗಾಡಿ ಮಾರಿದರು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಬಂದರು ಎಂದರೆ ಮಲಗುವುದಕ್ಕೆ ಬಂದರು. ಬೆಳಗಾದರೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಅದೇ ಸ್ಟ್ಯಾಂಡಿನಲ್ಲಿ ಗೆಳೆಯರ ಜೊತೆ ಕೂತು, ಊಟದ ಹೊತ್ತಿಗೆ ವಾಪಸ್.

ನನ್ನ ತಮ್ಮ ಬಸವರಾಜ ಒಮಾನಿನ ಸೊಹಾರ್ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಾನೆ. ಹೋಗಿ ಹನ್ನೆರಡು ವರ್ಷವಾಯಿತು. ಅವನೂ ಅವನ ಜೊತೆ ಕೆಲಸ ಮಾಡುವ ಸಲೀಂ ಎಂಬ ಆ ಊರಿನವರೂ ಸೇರಿ, ಖರ್ಜೂರದ ತೋಟವೊಂದರ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಇಂಗ್ಲಿಷ್ ಕಾರೊಂದನ್ನು ಎರಡು ವರ್ಷ ರಜಾದಿನಗಳಲ್ಲಿ ಕೂತು ಕಟ್ಟಿದ್ದರು. ನೋಡಿದರೆ ನಮ್ಮ ಅಂಬಾಸಿಡರ್‌ನ ದೊಡ್ಡಪ್ಪನೇ. ಅದೇ ಗುಂಡು ಬೆನ್ನು, ಅದೇ ಕಣ್ಣು. ನಿಜ್ವಾ ಎಂಬ ಊರಿನಲ್ಲಿ ನಡೆಯುವ ಹಳೆಯ ಕಾರುಗಳ ಶೋಗೆ ಅದನ್ನು ಸೇರಿಸಿದ್ದರು.

"ಅಪ್ಪಾಜಿ, ನೀವು ಬರ್ದಿದ್ರೆ ನಾನೂ ಹೋಗಲ್ಲ" ಎಂದ ಬಸು ಫೋನಿನಲ್ಲಿ.

"ಒಂದು ಗಾಡಿ ನೋಡಾಕೆ ಅಷ್ಟು ದೂರ ಯಾರು ಬರ್ತಾರೋ?" ಎಂದರು ಅಪ್ಪ. ಅಂದೇ ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಬಂದರು.

ನಮ್ಮ ಮನೆಯವರಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಅಪ್ಪ, ನಾನು, ಪಿಯುಸಿ ಓದುತ್ತಿರುವ ನನ್ನ ಮಗಳು ಪಲ್ಲವಿ, ಮೂವರೂ ಹೊರಟೆವು.

ಸೊಹಾರ್

ಶೋ ಶುಕ್ರವಾರ. ಕಾರನ್ನು ಟ್ರೇಲರಿನಲ್ಲಿ ಹೇರಿಕೊಂಡು ಸಲೀಂ ಹಿಂದಿನ ದಿನವೇ ಹೋಗಿದ್ದರು. ಬಸುವಿನ ಹೆಂಡತಿ ರೇಖಾ ನರ್ಸು, ಅವಳಿಗೆ ಡ್ಯೂಟಿ. ಗೆಳೆಯನೊಬ್ಬನ ಬಿಳಿ ಜೀಪು ಕೇಳಿ ತಂದು, ಬೆಳಕು ಹರಿಯುವಾಗಲೇ ಬಸು ನಮ್ಮನ್ನು ಹೊರಡಿಸಿದ.

ಆ ದೇಶದಲ್ಲಿ ಸ್ಟಿಯರಿಂಗ್ ಎಡಕ್ಕೆ. ಹಾಗಾಗಿ ಅಪ್ಪ ಮುಂದಿನ ಸೀಟಿನಲ್ಲಿ, ಜೀವಮಾನವೆಲ್ಲ ತಾವು ಕೂತ ಬಲಗಡೆಯ ಜಾಗದಲ್ಲೇ ಕೂತಿದ್ದರು. ಮುಂದೆ ಸ್ಟಿಯರಿಂಗ್ ಮಾತ್ರ ಇರಲಿಲ್ಲ. ಎದುರಿನ ಗಾಡಿ ಕೊಂಚ ಹತ್ತಿರವಾದರೆ ಸಾಕು, ಅವರ ಬಲಗಾಲು ಖಾಲಿ ನೆಲವನ್ನು ಒತ್ತುತ್ತಿತ್ತು. ಹಿಂದೆ ಕೂತ ನಾನೂ ಒತ್ತುತ್ತಿದ್ದೆ. ಗಾಡಿ ನೂರಿಪ್ಪತ್ತು ದಾಟಿದರೆ ಎಲ್ಲೋ ಒಳಗಿಂದ ಟಿಂಗ್ ಟಿಂಗ್ ಎಂದು ಗಂಟೆ ಬಾರಿಸುತ್ತಿತ್ತು. ಬಸುವಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ನನಗೆ ಅದೊಂದೇ ಕೇಳಿಸುತ್ತಿತ್ತು.

"ಇವ್ರಿಗೆಲ್ಲ ಹಾರನ್ ಇಲ್ಲೇನೋ?" ಎಂದರು ಅಪ್ಪ. ಅರ್ಧ ಗಂಟೆಯಿಂದ ಒಬ್ಬರೂ ಹಾರನ್ ಮಾಡಿರಲಿಲ್ಲ. ದಾವಣಗೆರೆಯಲ್ಲಿ ಹಾರನ್ ಕೇಳದಿದ್ದರೆ ಊರಲ್ಲಿ ಏನೋ ಆಗಿದೆ ಎಂದೇ ಅರ್ಥ. ಆ ನಿಶ್ಶಬ್ದದಲ್ಲಿ ಪಕ್ಕದಿಂದ ದೊಡ್ಡ ಟ್ಯಾಂಕರ್ ಹಾದು ಹೋದಾಗ ನಾನು ಪಲ್ಲವಿಯ ತೋಳು ಹಿಡಿದುಕೊಂಡೆ.

ಬಸು ನಕ್ಕ. "ಇಲ್ಲಿ ಹಾರನ್ ಹೊಡೆಯಾದು ಚಾಕ್ಕೆ ಮಾತ್ರ ಅಪ್ಪಾಜಿ." ಪೆಟ್ರೋಲ್ ಬಂಕಿನಲ್ಲಿ ಅದನ್ನೇ ನೋಡಿದೆವು. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಒಂದು ಸಲ ಹಾರನ್ ಒತ್ತಿ, ಕೂತಲ್ಲೇ ಕಿಟಕಿಯಿಂದ ಚಹಾ ಇಸಿದುಕೊಳ್ಳುತ್ತಾರೆ. ಇಳಿಯುವುದಿಲ್ಲ.

ನಾವು ಇಳಿದೆವು. ಅದೇ ತಪ್ಪಾಯಿತು.

ಬಿಳಿ ಜೀಪುಗಳು

ನಾನೂ ಪಲ್ಲವಿಯೂ ಬಾತ್‌ರೂಮಿಗೆ ಹೋಗಿ ಬಂದೆವು. ಬಸು ಚಹಾ ಹಿಡಿದುಕೊಂಡು ಬಂದ. ಜೀಪಿನಲ್ಲಿ ಅಪ್ಪ ಇಲ್ಲ.

"ಅಮ್ಮ, ಅಜ್ಜ ಎಲ್ಲಿ?"

ಅಂಗಡಿಯೊಳಗೆ ನೋಡಿದೆವು. ಗಂಡಸರ ಬಾತ್‌ರೂಮಿಗೆ ಬಸು ಎರಡು ಸಲ ಹೋಗಿ ಬಂದ. ಬಂಕಿನ ಹಿಂದೆ ಬಯಲು, ಮುಂದೆ ಆ ದೊಡ್ಡ ರಸ್ತೆ. ಒಂದು ಕಣ್ಣಿನ ಮುದುಕರು ಆ ರಸ್ತೆ ದಾಟಲು ಹೋಗಿದ್ದರೆ? ನಾನು ರಸ್ತೆಯ ಅಂಚಿಗೆ ಓಡಿದೆ. ಅಲ್ಲಿಂದ ಮಸೀದಿಯ ಕಡೆಗೆ ಓಡಿದೆ. ಬಿಳಿ ಪಂಚೆ, ಬಿಳಿ ಅಂಗಿ ಎಂದು ಯಾರಿಗೆ ಹೇಳಲಿ? ಅಲ್ಲಿ ಎಲ್ಲ ಗಂಡಸರೂ ಕಾಲ ತನಕ ಬಿಳಿಯನ್ನೇ ತೊಟ್ಟಿದ್ದರು. ಫೋನು ಅವರ ಹತ್ತಿರ ಇರಲಿಲ್ಲ. ಕಂಡ ಒಂದೊಂದು ಬಿಳಿ ಬೆನ್ನಿಗೂ ಅಪ್ಪಾಜಿ ಎಂದು ಕೂಗಿದೆ.

ಮುಕ್ಕಾಲು ಗಂಟೆಯ ಮೇಲೆ ಪಲ್ಲವಿ ಕಂಡುಹಿಡಿದಳು. ಬಂಕಿನ ಹೋಟೆಲಿನ ಮಗ್ಗುಲಲ್ಲಿ ಸಾಲಾಗಿ ನಿಂತ ಬಿಳಿ ಜೀಪುಗಳಲ್ಲಿ ಒಂದನ್ನು ನಮ್ಮದೆಂದೇ ತಿಳಿದು, ಅದರ ಮುಂದಿನ ಸೀಟಿನಲ್ಲಿ ಅಪ್ಪ ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಹೊರಗೆ, ಕಿಟಕಿಯ ಪಕ್ಕ, ಗಾಡಿಯ ಯಜಮಾನರು ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು. ತಿಂಡಿ ಮುಗಿಸಿ ಬಂದು ನೋಡಿದರೆ ಗಾಡಿಯೊಳಗೆ ಅಪರಿಚಿತ ಮುದುಕರು. ಇಳಿಸುವುದು ಮರ್ಯಾದೆಯಲ್ಲವೆಂದು, ಯಾರಾದರೂ ಹುಡುಕಿಕೊಂಡು ಬರಲಿ ಎಂದು ಕಾಯುತ್ತಿದ್ದರಂತೆ.

"ನೀವೆಲ್ಲಿ ಹೋಗಿದ್ರಿ?" ಎಂದು ಅಪ್ಪ ನಮಗೇ ಕೇಳಿದರು. "ಈ ಪುಣ್ಯಾತ್ಮ ಆವಾಗಿಂದ ನಿಂತೇ ಐದಾನೆ ಪಾಪ."

ಪಲ್ಲವಿ ನಕ್ಕಳು, ಬಸುವೂ ನಕ್ಕ. ನಾನು ಹಿಂದಿನ ಸೀಟಿನಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ.

ಹೊತ್ತು ಹೋಗಿತ್ತು. ಹನ್ನೊಂದು ಗಂಟೆಗೆ ತೀರ್ಪುಗಾರರು ಬರುತ್ತಾರೆ, ಕಾರು ಕಟ್ಟಿದವರು ಪಕ್ಕದಲ್ಲೇ ನಿಂತಿರಬೇಕು. ಬಸು ಗಡಿಯಾರ ನೋಡುವುದೂ ನಿಟ್ಟುಸಿರು ಬಿಡುವುದೂ ಮಾಡುತ್ತಿದ್ದ. ಪಲ್ಲವಿ ಫೋನಿನಲ್ಲಿ ನಕ್ಷೆ ನೋಡುತ್ತಿದ್ದಳು. "ಮಾಮ, ಇನ್ನೊಂದು ದಾರಿ ತೋರಿಸ್ತೈತೆ. ಗುಡ್ಡ ದಾಟಿ ಹೋದ್ರೆ ಅರ್ಧಕ್ಕರ್ಧ ಕಡಿಮಿ."

"ಕೇಳೀನಿ ಆ ದಾರಿ. ಜೀಪಿಗೆ ಆಗ್ತೈತಂತೆ."

"ಬ್ಯಾಡ ಬಸು, ದೊಡ್ಡ ರಸ್ತೆಗೇ ಹೋಗಾನ" ಎಂದೆ. ನಾನು ಎಲ್ಲದಕ್ಕೂ ಬ್ಯಾಡ ಎನ್ನುವವಳು. ಹಾಗಾಗಿ ನನ್ನ ಬ್ಯಾಡಕ್ಕೆ ನಮ್ಮ ಮನೆಯಲ್ಲಿ ಬೆಲೆಯಿಲ್ಲ. ಅಪ್ಪ ಬೆಲ್ಟು ಬಿಗಿ ಮಾಡಿಕೊಂಡರು. ಜೀಪು ಗುಡ್ಡದ ಕಡೆಗೆ ತಿರುಗಿತು.

ನೀರಿಲ್ಲದ ಹೊಳೆ

ಗುಡ್ಡ ಎಂದರೆ ನಮ್ಮ ಕಡೆಯ ಗುಡ್ಡವಲ್ಲ. ಒಂದು ಹುಲ್ಲುಕಡ್ಡಿ ಇಲ್ಲದ, ಕಂದು ಬಣ್ಣದ, ಆಕಾಶಕ್ಕೆ ಒರಗಿಸಿ ನಿಲ್ಲಿಸಿದಂಥ ಕಲ್ಲಿನ ಗೋಡೆಗಳು. ಅವುಗಳ ನಡುವೆ ಒಂದು ಒಣ ಹೊಳೆ. ಅಲ್ಲಿನವರು ಅದಕ್ಕೆ ವಾದಿ ಎನ್ನುತ್ತಾರೆ. ಟಾರು ಮುಗಿದ ಮೇಲೆ ದಾರಿ ಹೊಳೆಯ ಒಡಲಲ್ಲೇ ಹೋಗುತ್ತಿತ್ತು, ಗುಂಡುಕಲ್ಲುಗಳ ಮೇಲೆ ಕುಲುಕುತ್ತಾ. ಟಾರು ಮುಗಿಯುವ ಮುಂಚೆ ಹೊಳೆಯನ್ನು ದಾಟುವ ಕಡೆಯಲ್ಲೆಲ್ಲ ಕೆಂಪು ಬಿಳಿ ಬಣ್ಣ ಬಳಿದ ಕಂಬಗಳು ನಿಂತಿದ್ದವು.

"ಇವು ಯಾಕ?" ಎಂದು ಅಪ್ಪ ಕೇಳಿದರು.

"ನೀರಿನ ಅಳತೀಗೆ. ನೀರು ಕೆಂಪು ಪಟ್ಟಿಗೆ ಬಂದ್ರೆ ಗಾಡಿ ದಾಟಿಸಬಾರದು."

"ನೀರೆಲ್ಲೈತೆ ಇಲ್ಲಿ?" ಎಂದು ಪಲ್ಲವಿ ನಕ್ಕಳು.

ಸ್ವಲ್ಪ ದೂರ ಹೋದ ಮೇಲೆ ಅಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಒಂದು ಜಾಲಿ ಮರವನ್ನು ನೋಡಿದರು. ಅದರ ಕೊಂಬೆಗಳಲ್ಲಿ, ನಮ್ಮ ಜೀಪಿನ ತಲೆಗಿಂತ ಎತ್ತರದಲ್ಲಿ, ಒಣಹುಲ್ಲು, ಹರಿದ ಪ್ಲಾಸ್ಟಿಕ್, ಒಂದು ಚಪ್ಪಲಿ ಸಿಕ್ಕಿಕೊಂಡಿದ್ದವು. ಹರಿಹರದಲ್ಲಿ ಹೊಳೆ ದಂಡೆಯಲ್ಲಿ ಬೆಳೆದವರಿಗೆ ನೀರು ಅಲ್ಲಿಯ ತನಕ ಏರಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

"ಬಸು, ಇಲ್ಲಿ ನಿಲ್ಲಿಸಬ್ಯಾಡ. ಬಿರ್ರನೆ ನಡಿ" ಎಂದರು ಅಪ್ಪ. ಅಷ್ಟೇ.

ನಾನು ಮೇಲೆ ನೋಡಿದೆ. ನಮ್ಮ ತಲೆಯ ಮೇಲೆ ಸುಡುವ ಬಿಸಿಲು. ಆದರೆ ಮುಂದೆ, ಬೆಟ್ಟದ ನೆತ್ತಿಯ ಮೇಲೆ, ಮಸಿ ಅರಿವೆ ಹೊದಿಸಿದಂತೆ ಮೋಡ. ಫೋನಿನಲ್ಲಿ ಸಿಗ್ನಲ್ ಹೋಗಿ ಬಹಳ ಹೊತ್ತಾಗಿತ್ತು. ನಕ್ಷೆಯ ಮೇಲಿನ ನೀಲಿ ಚುಕ್ಕೆ ಮಾತ್ರ ನಾವು ಎಲ್ಲೂ ಇಲ್ಲವೆಂಬಂತೆ ಬಿಳಿ ಬಯಲಿನಲ್ಲಿ ನಿಂತಿತ್ತು. ಒಂದು ಗಂಟೆಯಿಂದ ಎದುರಿಗೆ ಒಂದೂ ಗಾಡಿ ಬಂದಿರಲಿಲ್ಲ.

ತಿರುವು

ಹೊಳೆ ಬಿಟ್ಟು ದಾರಿ ಬೆಟ್ಟಕ್ಕೆ ಹತ್ತತೊಡಗಿತು. ಒಂದೇ ಗಾಡಿಯ ಅಗಲ. ಬಲಕ್ಕೆ ಬಂಡೆ, ಎಡಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ್ದು ಬಸುವಿನ ಮೊಣಕೈಯ ಪಕ್ಕದಲ್ಲೇ ಇತ್ತು. ಅವನ ಹಿಂದೆ ಕೂತಿದ್ದ ನನ್ನ ಪಕ್ಕದಲ್ಲೂ. ತಿರುವುಗಳನ್ನು ಎಣಿಸುತ್ತಿದ್ದೆ. ಆರೋ ಏಳೋ ಆದ ಮೇಲೆ ಕಣ್ಣು ಮುಚ್ಚಿಕೊಂಡೆ.

ಗರಗರ ಸದ್ದಿಗೆ ಕಣ್ಣು ಬಿಟ್ಟೆ. ಗಾಲಿಗಳು ಜಲ್ಲಿಯಲ್ಲಿ ಸುಮ್ಮನೆ ತಿರುಗುತ್ತಿದ್ದವು. ಜೀಪು ಒಂದು ಕ್ಷಣ ನಿಂತಂತೆ ಮಾಡಿ, ಹಿಂದಕ್ಕೆ, ಅಡ್ಡಡ್ಡಕ್ಕೆ ಜಾರಿತು. ಬಸು ಬ್ರೇಕ್ ತುಳಿದ. ನಿಂತಿತು. ನಮ್ಮ ಹಿಂದೆ ಒಂದು ಕಲ್ಲು ಉರುಳಿದ ಸದ್ದಾಯಿತು. ಉರುಳುತ್ತಲೇ ಹೋಯಿತು. ಅದು ನಿಲ್ಲುವುದನ್ನು ಕಾಯುತ್ತಾ ನಾವು ನಾಲ್ವರೂ ಉಸಿರು ಹಿಡಿದಿದ್ದೆವು.

"ಅಕ್ಕ" ಎಂದ ಬಸು. ಅದು ನನ್ನ ತಮ್ಮನ ಸ್ವರದಂತಿರಲಿಲ್ಲ. "ನನ್ ಕೈಲಿ ಆಗಲ್ಲ. ಕಾಲು ತೆಗೆದ್ರೆ ಹೋಗ್ತೈತೆ."

ಅವನ ಬೆರಳುಗಳು ಸ್ಟಿಯರಿಂಗಿಗೆ ಅಂಟಿದಂತಿದ್ದವು. ಕತ್ತಿನಿಂದ ಬೆವರು ಇಳಿಯುತ್ತಿತ್ತು. ನಲವತ್ತು ಅಡಿ ಎತ್ತರದ ಕ್ರೇನ್ ಹತ್ತಿ ಕೆಲಸ ಮಾಡುವ ಗಂಡಸು ಮಗುವಿನಂತೆ ನಡುಗುತ್ತಿದ್ದ.

ನನಗೆ ಹರಿಹರದ ಹೊಳೆ ಸೇತುವೆ ನೆನಪಾಯಿತು. ಬಸುವಿಗೆ ಆಗ ಹತ್ತೊಂಬತ್ತು. ಅಪ್ಪನ ಪಕ್ಕ ಕೂತು ಡ್ರೈವಿಂಗ್ ಕಲಿಯುತ್ತಿದ್ದವನು ಸೇತುವೆಯ ನಡುವೆ ಗಾಡಿ ಬಂದ್ ಬೀಳಿಸಿದ. ಹಿಂದೆ ಬಸ್ಸು, ಲಾರಿ, ಹಾರನ್ನು. ಅಪ್ಪ ಅವನ ಕೊರಳಪಟ್ಟಿ ಹಿಡಿದು ಎಲ್ಲರೆದುರು ಹೊರಗೆಳೆದರು. "ನಿನ್ ಕೈಲಿ ಗಾಡಿ ಆಗಂಗಿಲ್ಲ, ಇಳಿ" ಎಂದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಅಂದಿನಿಂದ ಬಸು ಅಪ್ಪನೆದುರು ಸ್ಟಿಯರಿಂಗ್ ಹಿಡಿದದ್ದು ಇದೇ ಮೊದಲು.

ಈಗ ಅಪ್ಪ ಏನನ್ನುತ್ತಾರೋ ಎಂಬುದೇ ನನಗೆ ಆ ಪ್ರಪಾತಕ್ಕಿಂತ ದೊಡ್ಡ ಭಯವಾಗಿತ್ತು.

"ಹ್ಯಾಂಡ್‌ಬ್ರೇಕ್ ಎಳಿ" ಎಂದರು ಅಪ್ಪ, ಚಹಾ ಕೇಳಿದಷ್ಟು ಮೆತ್ತಗೆ. "ಎಳೆದ್ಯಾ? ಕಾಲು ತೆಗೀಬ್ಯಾಡ, ಅಲ್ಲೇ ಇರ್ಲಿ. ಒಂದು ಗುಟುಕು ನೀರು ಕುಡಿ. ಹೆಣ್ಮಕ್ಳು ಬಲಗಡೆ ಬಾಗ್ಲಿಂದ ಇಳೀರಿ. ಒಬ್ಬೊಬ್ರೇ. ಜಿಗೀಬ್ಯಾಡ್ರಿ."

ಇಳಿದೆವು. ಅಪ್ಪನೂ ಇಳಿದರು. ಪಂಚೆ ಎತ್ತಿ ಕಟ್ಟಿದರು. ಮೇಲೆ ನೂರು ಮಾರು ದೂರದಲ್ಲಿ ದಾರಿ ಅಗಲವಾಗಿ ಒಂದು ಮಟ್ಟಸ ಜಾಗ ಕಾಣುತ್ತಿತ್ತು. ಪಲ್ಲವಿಯನ್ನು ಅಲ್ಲಿಗೆ ಅಟ್ಟಿದರು, ಎದುರಿನಿಂದ ಯಾರಾದರೂ ಬಂದರೆ ತಡೆಯಲು. ಆಮೇಲೆ ನನ್ನ ಕಡೆ ತಿರುಗಿದರು.

"ಸುಮಂಗಲ, ಒಂದು ಕಲ್ಲು ತಗಾ. ದಪ್ಪನೆದು. ಹಿಂದಿನ ಗಾಲಿಗೆ ಕೊಡು."

"ಯಾವ ಗಾಲೀಗೆ ಅಪ್ಪಾಜಿ?"

"ಎಡಗಡೇದಕ್ಕೆ. ಬಲಗಡೇದಕ್ಕೆ ಹಿಂದೆ ಬಂಡೆ ಅಡ್ಡ ಐತೆ."

ಎಡಗಡೆಯ ಗಾಲಿಗೂ ಅಂಚಿಗೂ ನಡುವೆ ನನ್ನ ಚಪ್ಪಲಿಯಷ್ಟು ಜಾಗ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋದೆ. ಜೀಪಿನ ಹಿಂಬದಿಯನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಕಲ್ಲನ್ನು ಹೊಟ್ಟೆಗೊತ್ತಿ ಹಿಡಿದು, ಮೊಣಕಾಲೂರಿ ಗಾಲಿಯ ಹಿಂದೆ ತುರುಕಿದೆ. ಕೆಳಗೆ ನೋಡಬಾರದೆಂದುಕೊಂಡೇ ನೋಡಿದೆ. ನಾವು ಹತ್ತಿ ಬಂದ ದಾರಿ ಬಿಳಿ ದಾರದಂತೆ ಬಿದ್ದಿತ್ತು.

ಅಪ್ಪ ಜೀಪಿನ ಮುಂದೆ ಹೋಗಿ, ಅದಕ್ಕೆ ಎದುರಾಗಿ ನಿಂತು, ಎರಡೂ ಕೈ ಎತ್ತಿದರು. ಬಸು ನೋಡಬೇಕಾದದ್ದು ಆ ಕೈಗಳನ್ನು ಮಾತ್ರ.

"ಕೆಳಗೆ ನೋಡಬ್ಯಾಡ. ನನ್ನ ಕೈ ನೋಡು. ಲೋ ಗೇರ್. ಬರ್ಲಿ... ಬರ್ಲಿ ಬರ್ಲಿ... ಹೋಲ್ಡಾನ್!"

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಕೂಗುವ ಕೂಗು ಅದು. ಆ ಪರದೇಶದ ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸಿತು. ಜೀಪು ಒಂದು ಗಜ ಮುಂದೆ ಹೋಗಿತ್ತು. ನಾನು ಕಲ್ಲೆತ್ತಿಕೊಂಡು ಹಿಂದೆಯೇ ಹೋಗಿ ಗಾಲಿಗೆ ಕೊಟ್ಟೆ. "ಕೊಟ್ಟೆ ಅಪ್ಪಾಜಿ!" ಎಂದು ಕೂಗಿದೆ. ಮತ್ತೆ ಬರ್ಲಿ, ಬರ್ಲಿ, ಮತ್ತೆ ಹೋಲ್ಡಾನ್. ಮತ್ತೊಂದು ಗಜ.

ಭಯ ಹೋಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಡುವೆ ದಪ್ಪ ದಪ್ಪ ಮಳೆಹನಿ ಬೀಳತೊಡಗಿದವು. ಕಲ್ಲು ಕೈಯಲ್ಲಿ ಜಾರುತ್ತಿತ್ತು. ಒಮ್ಮೆ ಜೀಪು ಹಿಂದಕ್ಕೆ ಬಂತು. ನಾನಿನ್ನೂ ಕೈ ತೆಗೆದಿರಲಿಲ್ಲ. ಗಾಲಿ ಕಲ್ಲಿಗೆ ಬಡಿದು, ಕಲ್ಲು ನೆಲಕ್ಕೆ ಕೂತು, ನಡುವೆ ನನ್ನ ಎಡಗೈಯ ನಡುಬೆರಳು. ಕೂಗಿದರೆ ಬಸು ಬೆದರಿ ಬ್ರೇಕ್ ಬಿಡುತ್ತಾನೆ ಎಂದು ತುಟಿ ಕಚ್ಚಿಕೊಂಡೆ. ಗಾಡಿ ಮುಂದೆ ಹೋದಾಗ ಕೈ ಬಿಡಿಸಿಕೊಂಡು, ಸೆರಗು ಸುತ್ತಿಕೊಂಡು, ಅದೇ ಕಲ್ಲನ್ನು ಮತ್ತೆ ಎತ್ತಿದೆ.

ಎಷ್ಟು ಹೊತ್ತಾಯಿತೋ ತಿಳಿಯದು. ಮಟ್ಟಸ ಜಾಗ ಮುಟ್ಟಿ, ಬಸು ಎಂಜಿನ್ ಆರಿಸಿದಾಗ ಅಲ್ಲೊಂದು ಪಿ‌ಕಪ್ ಗಾಡಿ ನಿಂತಿತ್ತು. ಹಿಂದೆ ತುಂಬಾ ಮೇಕೆಗಳು. ಪಲ್ಲವಿ ಕೈಚಾಚಿ ಅದನ್ನು ತಡೆದಿದ್ದಳು. ಬಿಳಿ ಗಡ್ಡದ ಯಜಮಾನರು ಇಳಿದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅಪ್ಪನ ಜೊತೆ ಹಿಂದಿಯಲ್ಲಿ ಮಾತಾಡಿದರು. ತಾಯಿಯ ಚಿಕಿತ್ಸೆಗೆಂದು ಬೊಂಬಾಯಿಯಲ್ಲಿ ಆರು ತಿಂಗಳು ಇದ್ದರಂತೆ. ಹೆಸರು ಖಮೀಸ್. ಏನೋ ಹೇಳುತ್ತಿದ್ದವರು ಥಟ್ಟನೆ ಕೈಯೆತ್ತಿ ಸುಮ್ಮನಾದರು.

ಮೊದಲು ಸದ್ದು ಬಂತು. ನೂರಾರು ಲಾರಿಗಳು ಜಲ್ಲಿ ಸುರಿದಂಥ ಸದ್ದು. ಆಮೇಲೆ ಕೆಳಗೆ, ನಾವು ಆಗಷ್ಟೇ ಬಂದ ಹೊಳೆಯ ತಿರುವಿನಲ್ಲಿ, ಕಂದು ಗೋಡೆಯೊಂದು ಮರಗಳನ್ನು ಮುಂದೆ ನೂಕಿಕೊಂಡು ಬಂತು. ಅಪ್ಪ ನೋಡಿದ ಜಾಲಿ ಮರ ಇದ್ದ ಕಡೆ ಈಗ ನೀರು ಮಾತ್ರ ಇತ್ತು. ನಮ್ಮ ತುಂಗಭದ್ರೆ ಏರಿದರೂ ದಿನಗಟ್ಟಲೆ ಏರುತ್ತಾಳೆ. ದಂಡೆಯವರು ಪಾತ್ರೆ ಪಗಡ ಎತ್ತಿಡುವಷ್ಟು ಹೊತ್ತು ಕೊಡುತ್ತಾಳೆ. ಈ ನೀರು ಯಾರಿಗೂ ಹೊತ್ತು ಕೊಡಲಿಲ್ಲ.

ಬಸು ನೆಲದ ಮೇಲೆ ಕೂತು ಮೊಣಕಾಲಲ್ಲಿ ತಲೆಯಿಟ್ಟ. ಖಮೀಸ್ ಬಗ್ಗಿ ಅವನ ಕೈಯಿಂದ ಕೀಲಿ ತೆಗೆದುಕೊಂಡರು.

ಖಮೀಸರ ಮನೆ

ಮೇಕೆಗಳ ಸಮೇತ ಪಿಕಪ್ಪನ್ನು ಅಲ್ಲೇ ಬಿಟ್ಟು, ಅವರು ನಮ್ಮ ಜೀಪನ್ನು ತಾವೇ ಓಡಿಸಿಕೊಂಡು ತಮ್ಮ ಹಳ್ಳಿಗೆ ಕರೆದೊಯ್ದರು. ಇಪ್ಪತ್ತು ಮೂವತ್ತು ಮನೆಗಳ ಊರು. ನಮ್ಮನ್ನು ಇಳಿಸಿ, ಆ ಮಳೆಯಲ್ಲಿ ಮೇಕೆಗಳಿಗಾಗಿ ನಡೆದುಕೊಂಡೇ ವಾಪಸ್ ಹೋದರು.

ನನ್ನನ್ನೂ ಪಲ್ಲವಿಯನ್ನೂ ಹೆಂಗಸರ ಕೋಣೆಗೆ ಕರೆದರು. ಖಮೀಸರ ಹೆಂಡತಿಯ ಹೆಸರು ಮೌಜಾ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ರಕ್ತಕ್ಕೆ ಅಂಟಿದ್ದ ಸೆರಗನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದರು. ಉಗುರು ಬಟ್ಟೆಯ ಜೊತೆಗೇ ಬಂತು. ಸಾವಿರಾರು ಜನರ ಬೆರಳು ಚುಚ್ಚಿ ರಕ್ತ ತೆಗೆದವಳು ನಾನು. ನನ್ನ ಬೆರಳು ನೋಡಲಾರದೆ ಮುಖ ತಿರುಗಿಸಿದೆ. ಬೆರಳು ಕಟ್ಟಿದ ಮೇಲೆ ಆಕೆ ಕೆಂಡದ ಮೇಲೆ ಧೂಪ ಹಾಕಿ ನಮ್ಮ ತಲೆಯ ಸುತ್ತ ಹಿಡಿದರು. ಹೆದರಿ ಬಂದವರಿಗೆ ನಮ್ಮಲ್ಲಿ ಉಪ್ಪು ಮೆಣಸಿನಕಾಯಿ ಇಳಿ ತೆಗೆಯುವುದಿಲ್ಲವೇ, ಹಾಗೆಯೇ ಎಂದುಕೊಂಡೆ. ಅವರದು ಬರೀ ಅತಿಥಿಗಳಿಗೆ ಮಾಡುವ ಮರ್ಯಾದೆಯಂತೆ, ಬಸು ಆಮೇಲೆ ಹೇಳಿದ. ನನ್ನ ನಡುಕಕ್ಕೆ ಎರಡೂ ಒಂದೇ ಆಯಿತು.

ಮಾಂಸದ ಅನ್ನ ತಂದರು. ನಾವು ತಿನ್ನುವುದಿಲ್ಲವೆಂದು ಕೈಸನ್ನೆ ಮಾಡಿದಾಗ ಮೌಜಾರ ಮುಖ ಬಾಡಿತು. ಒಳಗೆ ಹೋಗಿ ಹಪ್ಪಳದಷ್ಟು ತೆಳ್ಳನೆಯ ರೊಟ್ಟಿ, ಜೇನು, ಖರ್ಜೂರ ತಂದು, ತಿನ್ನುವ ತನಕ ಎದುರಿಗೇ ಕೂತರು. ಆಚೆ ಕೋಣೆಯಲ್ಲಿ ಅಪ್ಪನಿಗೆ ಬೇರೆ ಕಷ್ಟ. ಅಲ್ಲಿ ಚಿಕ್ಕ ಬಟ್ಟಲಿನಲ್ಲಿ ಕಾಫಿ ಕೊಡುತ್ತಾರೆ. ಸಾಕೆಂದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಅಪ್ಪ ನಮ್ಮ ಪದ್ಧತಿಯಂತೆ ಅಂಗೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎನ್ನುತ್ತಾ ಎಂಟು ಬಟ್ಟಲು ಕುಡಿದಿದ್ದರು.

ಸಂಜೆಯಾದರೂ ನೀರು ಇಳಿಯಲಿಲ್ಲ, ಮುಂದಿನ ದಾರಿ ಕೆಸರಾಗಿತ್ತು. ಮನೆಯ ಮಾಳಿಗೆ ಹತ್ತಿದರೆ ಒಂದು ಗೆರೆ ಸಿಗ್ನಲ್ ಸಿಗುತ್ತಿತ್ತು. ಬಸು ಅಲ್ಲಿಂದ ರೇಖಾಳಿಗೂ ಸಲೀಮರಿಗೂ ಸುದ್ದಿ ಮುಟ್ಟಿಸಿದ. ಶೋ ಮುಗಿದಿತ್ತು. ನಾನು ಮೆಟ್ಟಿಲ ಮೇಲಿದ್ದೆ. ಮೇಲೆ ಅಪ್ಪನೂ ಅವನೂ ಮಾತಾಡುವುದು ಕೇಳಿಸಿತು.

"ನಿಮ್ಮ ಮುಂದೆ ಮತ್ತೆ ಹಂಗೇ ಆತು ಅಪ್ಪಾಜಿ" ಎಂದ ಬಸು. "ನೀವು ಅವತ್ತು ಹೇಳಿದ್ದು ಖರೇನೇ ಇತ್ತು."

ಅಪ್ಪ ಅವನ ಪಕ್ಕ ಕೂತ ಸದ್ದಾಯಿತು.

"ನಾನು ಬೆಳಗ್ಗೆ ಉಣ್ಣದೆ ಗಾಡಿ ತೆಗೀತಿದ್ನಲ್ಲ, ಯಾಕ ಅಂತ ಗೊತ್ತೈತಾ?"

"ಪೂಜೆ ವ್ರತ ಅಂತಿದ್ಲು ಅವ್ವ."

"ವ್ರತಾನೂ ಇಲ್ಲ, ಏನೂ ಇಲ್ಲ. ಕೀಲಿ ಕೈಯಾಗೆ ಹಿಡಿದ್ರೆ ಹೊಟ್ಟೆ ತೊಳಸ್ತಿತ್ತು. ತಿಂದಿದ್ದು ನಿಲ್ತಿರ್ಲಿಲ್ಲ. ಇವತ್ತು ಯಾರ್ನ ಎಲ್ಲಿ ಗುದ್ದತೀನೋ ಅಂತ. ನಲವತ್ತು ವರ್ಷ. ನಿಮ್ಮವ್ವಂಗೆ ಒಬ್ಬಾಕಿಗೇ ಗೊತ್ತಿತ್ತು. ಅವತ್ತು ಸೇತುವೆ ಮೇಲೆ ನಾನೂ ಹೆದರಿದ್ದೆ ಬಸು. ಹಿಂದಿನ ಬಸ್ಸಿನೋನು ಗುದ್ದೇಬಿಡ್ತಾನೆ ಅಂತ. ಅದನ್ನ ನಿನ್ ಮ್ಯಾಲೆ ಹಾಕಿದೆ."

ನಾನು ಸದ್ದಾಗದಂತೆ ಇಳಿದು ಬಂದೆ. ನನ್ನ ಹೆದರಿಕೆಯನ್ನು ನೋಡಿ ಮನೆಯಲ್ಲಿ ಎಲ್ಲರೂ ನಗುತ್ತಿದ್ದಾಗ ಅಪ್ಪ ಒಂದು ದಿನವೂ ನಕ್ಕಿರಲಿಲ್ಲ ಎಂಬುದು ಆಗ ಹೊಳೆಯಿತು.

ನಿಜ್ವಾ

ಮರುದಿನ ಬೆಳಗ್ಗೆ ಕಡಿದಾದ ಏರನ್ನೆಲ್ಲ ಖಮೀಸರೇ ಓಡಿಸಿಕೊಂಡು ಟಾರು ರಸ್ತೆಗೆ ಮುಟ್ಟಿಸಿದರು. ಹಿಂದೆಯೇ ಬಂದ ತಮ್ಮ ಸಹೋದರನ ಗಾಡಿ ಹತ್ತಿ ವಾಪಸ್ಸಾದರು. ಹೊರಡುವ ಮುಂಚೆ, ಬಸು ಕೊಟ್ಟ ದುಡ್ಡನ್ನು ಅವನ ಜೇಬಿಗೇ ತುರುಕಿ, ಅಪ್ಪನ ಭುಜ ಹಿಡಿದು ಅಲ್ಲಿನ ರೂಢಿಯಂತೆ ಮೂಗಿಗೆ ಮೂಗು ತಾಗಿಸಿದರು. ಅಪ್ಪ ಕಕ್ಕಾಬಿಕ್ಕಿಯಾದರು.

ಬಸು ಕೀಲಿ ಹಿಡಿದು ಜೀಪಿನ ಪಕ್ಕ ನಿಂತಿದ್ದ. ಹತ್ತಲಿಲ್ಲ. ಅಪ್ಪ ಹೋಗಿ ತಮ್ಮ ಸೀಟಿನಲ್ಲಿ ಕೂತು, ಬೆಲ್ಟು ಹಾಕಿ, ಬಾಗಿಲು ಎಳೆದುಕೊಂಡರು. ಆಮೇಲೆ ಅವನೂ ಹತ್ತಿದ. ನಿಜ್ವಾ ತನಕ ಆ ಟಿಂಗ್ ಟಿಂಗ್ ಗಂಟೆ ಬಾರಿಸಲೇ ಇಲ್ಲ.

ಶೋ ನಡೆದ ಮೈದಾನದಲ್ಲಿ ಕೆಲಸದವರು ಹಗ್ಗ ಸುತ್ತುತ್ತಿದ್ದರು. ಕಾಗದದ ಲೋಟಗಳು ಗಾಳಿಗೆ ಹಾರುತ್ತಿದ್ದವು. ನಡುವೆ ಒಂದೇ ಒಂದು ಕಾರು, ಕೆನೆ ಬಣ್ಣದ್ದು. ಬಾಗಿಲು ತೆರೆದುಕೊಂಡು ಅದರಲ್ಲಿ ಸಲೀಂ ಮಲಗಿದ್ದರು. ಬಹುಮಾನ ಬೇರೆ ಯಾರಿಗೋ ಹೋಗಿತ್ತು.

ಅಪ್ಪ ಕಾರಿನ ಸುತ್ತ ಎರಡು ಸುತ್ತು ಬಂದರು. ಒಳ್ಳೆಯ ಕಣ್ಣನ್ನು ಹತ್ತಿರಕ್ಕೆ ಒಯ್ದು ಬಣ್ಣ ನೋಡಿದರು, ಬೆರಳ ಗೆಣ್ಣಿನಿಂದ ತಗಡು ತಟ್ಟಿದರು, ಬಾನೆಟ್ ಎತ್ತಿಸಿದರು.

"ಬ್ಯಾಟ್ರಿ ಟರ್ಮಿನಲ್‌ಗೆ ಗ್ರೀಸ್ ಹಚ್ಚಿಲ್ಲ" ಎಂದರು. ಅವರಿಗೆ ಸಿಕ್ಕ ತಪ್ಪು ಅದೊಂದೇ. ಬಸುವಿನ ಮುಖ ಅರಳಿದ್ದು ನೋಡಿ ಸಲೀಂ, ಏನೋ ದೊಡ್ಡ ಹೊಗಳಿಕೆ ಇರಬೇಕೆಂದು ಅಪ್ಪನ ಕೈ ಕುಲುಕಿದರು.

ಟ್ರೇಲರ್ ವಾಪಸ್ ಹೋಗಿಬಿಟ್ಟಿತ್ತು. ಜೀಪನ್ನು ಸಲೀಂ ಒಯ್ಯುವುದು, ಹಳೆಯ ಕಾರನ್ನು ಬಸು ಸೊಹಾರಿಗೆ ಓಡಿಸುವುದು ಎಂದಾಯಿತು. ಬಸು ಅಪ್ಪನಿಗೆ ಕೀಲಿ ಚಾಚಿದ. "ಮೈದಾನದಾಗಾದ್ರೂ ಒಂದು ರೌಂಡ್ ಹೊಡೀರಿ ಅಪ್ಪಾಜಿ."

"ನಾ ಒಲ್ಲೆ" ಎಂದು ಅಪ್ಪ ಹಿಂದಿನ ಬಾಗಿಲು ತೆಗೆದು ಒಳಗೆ ಹೋದರು. ಪಲ್ಲವಿ ಮುಂದೆ ಕೂತಳು. ನಾನು ಅಪ್ಪನ ಪಕ್ಕ.

ದೊಡ್ಡ ರಸ್ತೆಯಲ್ಲಿ ನಾವು ಎಡೆಬಿಡದೆ ಹಿಂದೆ ಬೀಳುತ್ತಿದ್ದೆವು. ದೈತ್ಯ ಲಾರಿಗಳು ಪಕ್ಕದಿಂದ ಹಾದುಹೋಗುವಾಗ ಆ ಹಳೆಯ ಕಾರು ಅತ್ತಿತ್ತ ಓಲಾಡುತ್ತಿತ್ತು. ಒಂದೊಂದು ಲಾರಿಗೂ ನಾನು ಮುಂದಿನ ಸೀಟನ್ನು ಹಿಡಿದುಕೊಳ್ಳುತ್ತಿದ್ದೆ. ಬೆರಳು ಟುಕುಟುಕು ನೋಯುತ್ತಿತ್ತು. ಬಸುವಿನ ಕತ್ತಿನ ಮೇಲೆ ಮತ್ತೆ ಬೆವರು ಮೂಡಿತ್ತು, ಆದರೆ ಕೈ ನೆಟ್ಟಗಿತ್ತು.

ಒಂದು ಗಂಟೆ ಕಳೆದಿರಬೇಕು. ಏನೋ ಕೇಳೋಣವೆಂದು ಅಪ್ಪನ ಕಡೆ ತಿರುಗಿದೆ. ತಲೆ ಎದೆಯ ಮೇಲೆ ಬಿದ್ದಿತ್ತು. ಬಾಯಿ ತೆರೆದಿತ್ತು. ಕೈ ಸೀಟಿನಿಂದ ಕೆಳಗೆ ಜೋತಾಡುತ್ತಿತ್ತು.

"ಅಪ್ಪಾಜಿ" ಎಂದೆ. ಅಲುಗಲಿಲ್ಲ.

ಬಸುವಿಗೆ ಕೇಳಿಸಬಾರದು, ಅವನು ತಿರುಗಿ ನೋಡಬಾರದು ಎಂಬುದೊಂದೇ ತಲೆಯಲ್ಲಿತ್ತು. ಪಕ್ಕದಲ್ಲಿ ಲಾರಿ. ನಾನು ಮೆಲ್ಲಗೆ ಅವರ ಕೈ ಎತ್ತಿ, ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಲ್ಯಾಬಿನಲ್ಲಿ ದಿನಾ ಕೈಗಳನ್ನು ಹಿಡಿಯುವ ನನಗೆ ನಾಡಿ ಸಿಗಲಿಲ್ಲ. ನನ್ನ ಬೆರಳೇ ಅಷ್ಟು ನಡುಗುತ್ತಿತ್ತು. ಬ್ಯಾಂಡೇಜಿನ ಕೈಯನ್ನು ಮೂಗಿನ ಕೆಳಗೆ ಹಿಡಿದೆ.

ಬೆಚ್ಚಗಿನ ಉಸಿರು. ಒಂದು. ಇನ್ನೊಂದು. ಆಮೇಲೆ ಸಣ್ಣಗೆ ಗೊರಕೆ.

ಬಸ್ಸಿರಲಿ, ಲಾರಿಯಿರಲಿ, ನನ್ನ ಮದುವೆ ದಿಬ್ಬಣದ ವ್ಯಾನಿರಲಿ, ಬೇರೆಯವರು ಓಡಿಸುವ ಗಾಡಿಯಲ್ಲಿ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಅಕ್ಕ, ಅಪ್ಪಾಜಿ ಯಾಕ ಮಾತಾಡವಲ್ರು?" ಎಂದು ಬಸು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ನಿದ್ದೆ ಹೋಗ್ಯಾರೆ" ಎಂದೆ.

ಕಾರಿನ ವೇಗ ಇನ್ನೂ ಸ್ವಲ್ಪ ಇಳಿಯಿತು. ಸೊಹಾರ್ ಮುಟ್ಟುವ ತನಕ ಅವನು ಒಂದು ಗುಂಡಿಗೂ ಗಾಲಿ ಇಳಿಸಲಿಲ್ಲ.